ಗೋಡೆ ಭಾವ

ಪುನರ್ವಸು ಮಳೆ ಹಿಡಿದು ವಾರ ಕಳೆಯಿತೆಂದರೆ ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆಗಳಿಗೆ ಎರಡು ವಸ್ತು ತಪ್ಪದೆ ಬರುತ್ತವೆ. ಒಂದು ಬೂಷ್ಟು, ಇನ್ನೊಂದು ಗೋಡೆ ಭಾವ. ಬೂಷ್ಟು ದೀಪಾವಳಿ ಹೊತ್ತಿಗಾದರೂ ಹೋಗುತ್ತದೆ.

ಕೊಡೆ ಜಗಲಿಯಲ್ಲಿಟ್ಟು, ಕಾಲು ತೊಳೆಯುವ ಮೊದಲೇ ಭಾವ ಗೋಡೆಗೆ ಅಂಗೈ ಊರಿ ಕಣ್ಣು ಮುಚ್ಚುತ್ತಾರೆ, ನಾಡಿ ಹಿಡಿದ ಪಂಡಿತರ ಹಾಗೆ. ಆಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್. ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ನಾಲಗೆ ತುದಿಗೆ ಮುಟ್ಟಿಸಿ, "ಉಪ್ಪು ಬಿಟ್ಟಿದೆ ಮಾರಾಯ್ರೆ" ಎನ್ನುವಷ್ಟರಲ್ಲಿ ಅಂಗೈಯಗಲ ಗಾರೆ ನೆಲಕ್ಕೆ ಬಿದ್ದಿರುತ್ತದೆ. "ನೋಡಿ, ನಾನು ಬಂದಿದ್ದು ಒಳ್ಳೇದಾಯ್ತು."

ರೋಗ ಒಂದೇ ಆದರೂ ಕಾರಣ ಮನೆಗೊಂದು. ಒಂದು ಕಡೆ ಪಾಯದ ನೀರು, ಇನ್ನೊಂದು ಕಡೆ ಒಡೆದ ಹೆಂಚು. ಕಾಫಿ ನೀರಾಗಿದ್ದ ಮನೆಯಲ್ಲಿ ಮಾತ್ರ ವಾಸ್ತುವೇ ಸರಿಯಿಲ್ಲ.

ನಮ್ಮ ಜಗಲಿ ಗೋಡೆಗೆ ಮೊಣಕಾಲೆತ್ತರ ಸಿಮೆಂಟು ಬಳಿಸಿದ್ದು ಅವರದೇ ಮದ್ದು. ಜಂಬಿಟ್ಟಿಗೆ ನೆಲದ ನೀರನ್ನು ಹೀರುವ ಕಲ್ಲು. ಸುಣ್ಣದ ಗಾರೆಯಿದ್ದಾಗ ಆ ನೀರು ತನ್ನಷ್ಟಕ್ಕೆ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟು ದಾರಿ ಕಟ್ಟಿದ ಮೇಲೆ ಒಳಗೊಳಗೇ ಏರಿ ಸೊಂಟದೆತ್ತರದಲ್ಲಿ ಮುಖ ತೋರಿಸಿತು. ಭಾವ ಅದನ್ನು ದೀರ್ಘವಾಗಿ ನೋಡಿ, "ಹಂಗಾರೆ ಎದೆವರೆಗೂ ಬಳಿಸ್ಬೇಕಿತ್ತು" ಎಂದರು.

ಈ ಸಲ ಒಳಕೋಣೆಯ ಸರದಿ. ಅಲ್ಲಿ ನೆಲದ ಹತ್ತಿರ ಎಲ್ಲ ಒಣ, ಬೀರುವಿನ ಹಿಂದೆ ಮೇಲ್ಗಡೆ ಕಪ್ಪು ಬೂಷ್ಟು. ಭಾವ ಹೆಂಚಿನ ಮೇಲೆ ಅನುಮಾನಪಟ್ಟು ಏಣಿ ಕೇಳುವಷ್ಟರಲ್ಲಿ, ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಚಪಾತಿ ಸುತ್ತುವ ಫಾಯಿಲ್ ತಂದು ಒಂದು ತುಂಡನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿದಳು. ಎರಡು ದಿನ ಬಿಟ್ಟು ನೋಡಿದರೆ ಹನಿ ನಿಂತಿದ್ದು ನಮ್ಮ ಕಡೆಗೆ. ಕಿತ್ತರೆ ಹಿಂದೆ ಒಣ.

"ಇದು ಗೋಡೆ ನೀರಲ್ಲ ಅಜ್ಜ. ಹಗ್ಗದ ಮೇಲಿನ ಪಂಚೆ, ಬಚ್ಚಲ ಬಿಸಿನೀರು, ಇಡ್ಲಿ ಪಾತ್ರೆ, ನಮ್ಮ ಉಸಿರು. ಹಬೆ ತಣ್ಣನೆ ಗೋಡೆಗೆ ತಾಗಿ ನೀರಾಗ್ತಿದೆ."

"ಮುಂಚೆ ಸೌದೆ ಒಲೆ ಉರೀತಿತ್ತು, ಗೋಡೆ ಬೆಚ್ಚಗಿತ್ತು, ಹಬೆ ಹೆಂಚಿನ ಸಂದಿಯಲ್ಲಿ ಹೋಗ್ತಿತ್ತು," ಎಂದು ಅತ್ತೆ ಅಡಿಗೆಮನೆಯಿಂದಲೇ ಸೇರಿಸಿದರು. "ಸೀಲಿಂಗ್ ಹಾಕ್ಸಿ ಅಂದಿದ್ದು ಯಾರೋ?"

ಭಾವನಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸುವುದಿಲ್ಲ. ಫಾಯಿಲನ್ನು ಬೆಳಕಿಗೆ ಹಿಡಿದು, "ನಾನೂ ಇದನ್ನೇ ಹೇಳ್ಬೇಕಂತಿದ್ದೆ" ಎಂದು ಉಳಿದ ಸುರುಳಿಯನ್ನು ಜೇಬಿಗಿಳಿಸಿದರು.

ಈಗ ಊರಿನ ಅರ್ಧ ಗೋಡೆಗಳ ಮೇಲೆ ಫಾಯಿಲ್ ಮಿನುಗುತ್ತಿದೆ. ಭಾವನ ಮನೆಯಲ್ಲಿ ಮಾತ್ರ ಇಲ್ಲ. ಕೇಳಿದರೆ, "ನಮ್ದು ಬಿಡಿ, ಅದು ಹಳೇ ಮನೆ."