ಡೊಂಕು ನೆಲದ್ದೋ, ಗಾಲಿಯದ್ದೋ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ರಿಮೋಟ್ ಹಿಡಿದು ಮಾದರಿ ವಿಮಾನ ಹಾರಿಸುವವರು ಈ ಗಾದೆಯನ್ನು ಸಾಕಷ್ಟು ಬೆಳೆಸಿದ್ದಾರೆ: ಗಾಳಿ ಸರಿಯಿಲ್ಲ, ಹುಲ್ಲು ಉದ್ದವಾಗಿದೆ, ಮೋಟಾರು ಎಡಕ್ಕೆ ಎಳೆಯುತ್ತದೆ. ಕೊನೆಯದು ಸುಳ್ಳೇನಲ್ಲ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ಪ್ರೊಪೆಲರ್, ಟೇಕಾಫ್ ಹೊತ್ತಿನಲ್ಲಿ ಮೂತಿಯನ್ನು ಎಡಕ್ಕೆ ಸೆಳೆದೇ ಸೆಳೆಯುತ್ತದೆ. ಆದರೆ ಮೋಟಾರು ಬಂದ್ ಮಾಡಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಬೆರಳಿನಿಂದ ಮೆಲ್ಲಗೆ ತಳ್ಳಿದರೂ ಎಡಕ್ಕೇ ಹೊರಳುವ ವಿಮಾನದ ಪರವಾಗಿ ಯಾವ ವಕೀಲನೂ ವಾದಿಸಲಾರ. ಅಲ್ಲಿ ಆರೋಪಿ ಗಾಲಿಯೇ.

ಬಾಲದಡಿ ಪುಟ್ಟ ಗಾಲಿಯಿರುವ ಮಾದರಿಗಳಲ್ಲಿ ಈ ಕಾಟ ಹೆಚ್ಚು. ಪೈಪರ್ ಕಬ್ ಈ ಜಾತಿಯದು. ಬೆಂಗಳೂರಿನಲ್ಲಿ 1951ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ಕೂಡ. ಇವುಗಳ ಭಾರಕೇಂದ್ರ ಮುಖ್ಯ ಗಾಲಿಗಳ ಹಿಂದಿರುವುದರಿಂದ, ಮೂತಿ ತುಸು ಹೊರಳಿದರೂ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಆ ಹೊರಳನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಿಮಾನ ಗಿರ್ರನೆ ಸುತ್ತಿ ರೆಕ್ಕೆಯ ತುದಿಯನ್ನು ನೆಲಕ್ಕೆ ಉಜ್ಜುತ್ತದೆ. ಇದಕ್ಕೆ ಮದ್ದು ಹೇಳುವವರಲ್ಲಿ ಎರಡು ಪಕ್ಷ. ಗಾಲಿಗಳು ಮುಂದೆ ತುಸು ಒಳಮುಖವಾಗಿರಲಿ ಎನ್ನುವುದು ಟೋ-ಇನ್ ಪಕ್ಷ: ವಿಮಾನ ಎಡಕ್ಕೆ ಹೊರಳಿದರೆ ಎಡಗಾಲಿ ಸಾಗುವ ದಿಕ್ಕಿಗೆ ನೇರವಾಗಿ ಹಗುರಾಗುತ್ತದೆ, ಬಲಗಾಲಿ ಅಡ್ಡವಾಗಿ ಉಜ್ಜಿ ಮೂತಿಯನ್ನು ಬಲಕ್ಕೆ ಎಳೆದು ತರುತ್ತದೆ. ಹೊರಮುಖವಾಗಿರಲಿ ಎನ್ನುವ ಟೋ-ಔಟ್ ಪಕ್ಷದ ಉತ್ತರವೂ ಜೋರು: ಎಡಕ್ಕೆ ಹೊರಳಿದಾಗ ಭಾರ ಬೀಳುವುದು ಬಲಗಾಲಿಯ ಮೇಲೆ, ಅದು ಎಡಕ್ಕೆ ನೋಡುತ್ತಿದ್ದರೆ ವಿಮಾನವನ್ನು ಇನ್ನೂ ಎಡಕ್ಕೇ ಒಯ್ಯುವುದಿಲ್ಲವೇ? ಎರಡು ವಾದದಲ್ಲೂ ಹುರುಳಿದೆ. ಆದ್ದರಿಂದಲೇ ಜಗಳ ಮುಗಿಯುವುದಿಲ್ಲ.

ನನ್ನ ತಕರಾರು ಬೇರೆ. ಜಗಳ ಸಾಮಾನ್ಯವಾಗಿ ಒಂದೆರಡು ಡಿಗ್ರಿಯದು. 60 ಮಿಲಿಮೀಟರ್ ಗಾಲಿಗೆ ಒಂದು ಡಿಗ್ರಿ ಎಂದರೆ ಮುಂದಂಚಿಗೂ ಹಿಂದಂಚಿಗೂ ಒಂದೇ ಮಿಲಿಮೀಟರ್ ವ್ಯತ್ಯಾಸ. ಈಗ ಗಾಲಿಯ ಹೊಟ್ಟೆಯನ್ನು ನೋಡಿ. 4 ಮಿಲಿಮೀಟರ್ ಆಕ್ಸಲ್, ತೂತು 4.3, ಗುಂಬದ ಅಗಲ 20 ಎಂದಿಟ್ಟುಕೊಂಡರೆ ಆ ಸಡಿಲಿನಲ್ಲೇ ಗಾಲಿ ಸುಮಾರು 0.9 ಡಿಗ್ರಿ ವಾಲಾಡುತ್ತದೆ. ಯಾವ ಒಂದು ಡಿಗ್ರಿಗಾಗಿ ಇಬ್ಬರು ಮಾತು ಬಿಟ್ಟಿದ್ದಾರೋ ಅದು ಗಾಲಿಯೊಳಗೆ ಹೆಚ್ಚುಕಡಿಮೆ ಪೂರ್ತಿ ಕಳೆದುಹೋಗಿರುತ್ತದೆ! ಸಾಲದ್ದಕ್ಕೆ ಉಕ್ಕಿನ ತಂತಿಯ ಕಾಲು. ಇಳಿಯುವಾಗ ಹಿಂದಕ್ಕೆ ಬಾಗಿ, ನಾವು ಕೂರಿಸಿದ ಕೋನವನ್ನು ತನ್ನಿಷ್ಟಕ್ಕೆ ತಿದ್ದಿಕೊಳ್ಳುತ್ತದೆ. ಅಳತೆಯಲ್ಲೂ ಒಂದು ಮೋಸವಿದೆ. ಗಾಲಿಗಳು ಕೆಳಗೆ ಅಗಲಿಸಿ ನಿಂತಿದ್ದರೆ, ಬಾಲ ನೆಲಕ್ಕಿದ್ದಾಗಿನ ಕೋನ ಬಾಲ ಎತ್ತಿದಾಗ ಉಳಿಯುವುದಿಲ್ಲ. ಬಾಲದಡಿ ನಾಲ್ಕು ಪುಸ್ತಕ ಪೇರಿಸಿ ವಿಮಾನವನ್ನು ಹಾರುವ ಭಂಗಿಗೆ ತಂದು, ಗಾಲಿಗಳಿಗೆ 30 ಸೆಂಟಿಮೀಟರ್ ಸ್ಟೀಲ್ ಪಟ್ಟಿಗಳನ್ನು ಒತ್ತಿ ಹಿಡಿದರೆ ಒಂದು ಡಿಗ್ರಿ 5 ಮಿಲಿಮೀಟರಾಗಿ ಕಾಣುತ್ತದೆ. ಆಗ ಕನ್ನಡಕ ಮರೆತವರಿಗೂ ನೆಪವಿಲ್ಲ.

ಬಾಲದ ರಡ್ಡರ್ ಇರುವುದೇ ಮೂತಿಯನ್ನು ನೇರವಾಗಿಡಲು ಅಲ್ಲವೇ ಎಂದು ಕೇಳುವವರಿದ್ದಾರೆ. ಟೇಕಾಫ್‌ನಲ್ಲಿ ಹೌದು, ಪ್ರೊಪೆಲರ್ ಗಾಳಿ ಅದರ ಮೇಲೆ ಬೀಸುತ್ತಿರುತ್ತದೆ. ಇಳಿದು ವೇಗ ಸತ್ತ ಮೇಲೆ, ಥ್ರಾಟಲ್ ಮುಚ್ಚಿದಾಗ, ರಡ್ಡರ್ ಬರೀ ಅಲಂಕಾರ. ಆಗ ದಾರಿ ಹೇಳುವುದು ಗಾಲಿಗಳೇ. ಮೂತಿಗಾಲಿಯ ಮಾದರಿ ಕೊಂಡರೆ ರಗಳೆಯೇ ಇಲ್ಲವಲ್ಲ ಎಂಬುದು ಇನ್ನೊಂದು ಆಕ್ಷೇಪ. ನಿಜ, ಅಲ್ಲಿ ಭಾರಕೇಂದ್ರ ಮುಖ್ಯ ಗಾಲಿಗಳ ಮುಂದಿರುವುದರಿಂದ ವಿಮಾನ ತಾನೇ ನೇರವಾಗುತ್ತದೆ. ಆದರೆ ಒರಟು ಹುಲ್ಲಿನಲ್ಲಿ ಮೊದಲು ಬಾಗುವುದು ಆ ಮೂತಿಗಾಲಿನ ತಂತಿಯೇ. ಅದೂ ಅಲ್ಲದೆ, ಮೂತಿಗಾಲಿ ಹೊತ್ತ ಕಬ್ ನೋಡಲು ಎದೆ ಗಟ್ಟಿಯಿರಬೇಕು.

ಇಷ್ಟಾಗಿ ನಾನು ಯಾವ ಪಕ್ಷ? ಮಾದರಿಗಳ ಮಟ್ಟಿಗೆ ಟೋ-ಇನ್, ಅದೂ ಒಂದು ಡಿಗ್ರಿ. ಕಬ್‌ನಂಥ ಹಗುರ ಮಾದರಿಯಲ್ಲಿ ಭಾರ ಪಕ್ಕಕ್ಕೆ ವಾಲುವ ಮೊದಲೇ ಗಾಲಿಯ ಉಜ್ಜು ಕೆಲಸ ಮಾಡುತ್ತದೆ ಎಂಬುದು ನನ್ನ ಲೆಕ್ಕ. ಎರಡು ಗಾಲಿಗೂ ಕೋನ ಸಮವಾಗಿರುವುದು ಮಾತ್ರ ಪಕ್ಷಾತೀತ ನಿಯಮ. ಟೋ-ಔಟ್‌ನವರು ಚರ್ಚೆಗೆ ಬರಬಹುದು. ಬರುವಾಗ ತಮ್ಮ ಗಾಲಿಯನ್ನು ಹಿಡಿದು ಒಮ್ಮೆ ಅಲ್ಲಾಡಿಸಿ, ಲೊಡಬಡ ಎಂದರೆ ತೂತಿಗೆ ಹಿತ್ತಾಳೆಯ ಕೊಳವೆ ಕೂರಿಸಿಕೊಂಡೇ ಬರಲಿ.