ಸಿಪ್ಪೆಯ ಪ್ರತಾಪ

ಹಳೆ ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಹೀರೇಕಾಯಿಯ ತಿರುಳು ಪಲ್ಯವಾದರೆ ಸಿಪ್ಪೆ ಚಟ್ನಿಯಾಗುತ್ತದೆ. ಕರಾವಳಿಯಲ್ಲಿ ಕಲ್ಲಂಗಡಿಯ ಕೆಂಪು ಭಾಗವನ್ನು ಮಕ್ಕಳು ಮುಗಿಸಿದ ಮೇಲೆ ಉಳಿಯುವ ಬಿಳಿ ತಿರುಳು, ಮರುದಿನ ದೋಸೆಯ ವೇಷ ಧರಿಸಿ ಅದೇ ಮಕ್ಕಳ ತಟ್ಟೆಗೆ ಮರಳುತ್ತದೆ. ರಾತ್ರಿ ಉಳಿದ ಅನ್ನವು ಬೆಳಿಗ್ಗೆ ಒಗ್ಗರಣೆ, ಅರಿಶಿನ, ನಿಂಬೆರಸಗಳ ಬಲದಿಂದ ಚಿತ್ರಾನ್ನವೆಂಬ ಬಿರುದು ಪಡೆಯುವುದು ಗೃಹಕೃತ್ಯದ ಮುತ್ಸದ್ದಿತನವೇ ಸರಿ. ಆದರೆ ಆ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸದಿದ್ದರೆ, ಕುದಿತಕ್ಕೂ ಜಗ್ಗದ ಬೀಜಕಣಗಳುಳ್ಳ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉಂಡವರ ಹೊಟ್ಟೆಯನ್ನು ಚೆನ್ನಾಗಿಯೇ ವಿಚಾರಿಸಿಕೊಳ್ಳುತ್ತದೆ. ಇತ್ತ ದುಬಾರಿ ಡಬ್ಬಿಗಳಲ್ಲಿ ಪೌಷ್ಟಿಕತೆಯನ್ನು ಹುಡುಕುವವರ ಕಣ್ಣೆದುರಿಗೇ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಹೊತ್ತ ರಾಗಿ ಕೇಳುವವರಿಲ್ಲದೆ ಕುಳಿತಿರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ, 2022ರಲ್ಲಿ ಜಗತ್ತು ವ್ಯರ್ಥಮಾಡಿದ 105 ಕೋಟಿ ಟನ್ ಆಹಾರದಲ್ಲಿ ಸುಮಾರು ಶೇಕಡ 60 ಮನೆಗಳದೇ ಪಾಲು.