ಕೊಸರಿಗೆ ಬಂದ ಗುಬ್ಬಿ

ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮೌಳಂಗಿಯ ಬಳಿ ಕಾಳಿ ನದಿಗೆ ರಬ್ಬರ್ ದೋಣಿಗಳು ಇಳಿಯುತ್ತವೆ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಕಡೆಯಿಂದ ಬಂದವರು ಜಾಕೀಟು ಬಿಗಿದುಕೊಂಡು, ದೇವರನ್ನೂ ಹೆತ್ತವ್ವನನ್ನೂ ಒಂದೇ ಉಸಿರಿನಲ್ಲಿ ಕೂಗುತ್ತ ಸುಳಿ ದಾಟುತ್ತಾರೆ. ದಡ ಸೇರಿದಮೇಲೆ ಧೈರ್ಯಕ್ಕಿಂತ ಮೊದಲು ಹಸಿವು ವಾಪಸು ಬರುತ್ತದೆ. ಜೀವ ಉಳಿದ ಖುಷಿಗೆ ಅವರು ಕೇಳುವುದು ಗೋಬಿ ಮಂಚೂರಿ. ಅಷ್ಟು ಹೊತ್ತಿಗೆ ತಲೆಯ ಮೇಲಿನ ಕೊಂಬೆಯಲ್ಲಿ ಎಲೆ ಹೊಲಿದು ಕಟ್ಟಿದ ಗೂಡೊಂದು ತೂಗುತ್ತಿರುತ್ತದೆ. ಈ ಸೀಮೆಯ ಖಾಸಾ ತಿನಿಸು ಅದರೊಳಗಿದೆ ಎಂದು ಯಾರೂ ಅವರಿಗೆ ಹೇಳುವುದಿಲ್ಲ. ಹೇಳಿದರೆ ಮಂಚೂರಿಯೂ ಗಂಟಲಲ್ಲಿ ಇಳಿಯಲಿಕ್ಕಿಲ್ಲ.

ಗೂಡಿನೊಳಗಿರುವುದು ಚಗಳಿ, ಅಂದರೆ ಮರದ ಕೆಂಪಿರುವೆ. ಒಂದಷ್ಟು ಇರುವೆಗಳು ಎಲೆಯ ಅಂಚುಗಳನ್ನು ಎಳೆದು ಹಿಡಿದು ನಿಂತರೆ, ಮತ್ತೊಂದಷ್ಟು ತಮ್ಮ ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ಅವು ಸೂಸುವ ರೇಷ್ಮೆಯಿಂದ ಹೊಲಿಗೆ ಹಾಕುತ್ತವೆ. ತೊಟ್ಟಿಲ ಕೂಸನ್ನೇ ಹೊಲಿಗೆ ಮಷಿನ್ ಮಾಡಿಕೊಂಡ ಸಂಸಾರ ಅದು! ಜೋಯಿಡಾದ ಕುಣಬಿಗಳು, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಗಳು ಈ ಗೂಡನ್ನು ಉಪಾಯವಾಗಿ ಇಳಿಸಿ, ಇರುವೆಗಳನ್ನು ಹುರಿದು, ಉಪ್ಪು, ಮೆಣಸು, ಬೆಳ್ಳುಳ್ಳಿ ಕೂಡಿಸಿ ಚಟ್ನಿ ಅರೆಯುತ್ತಾರೆ. ಹುಣಸೆಹಣ್ಣಿನ ಖರ್ಚಿಲ್ಲ, ಇರುವೆಯ ಹೊಟ್ಟೆಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ. ಕೆಮ್ಮು-ನೆಗಡಿಗೆ ಇದು ಮದ್ದೆಂಬ ನಂಬಿಕೆಯಿದೆ. ಗೂಡು ಇಳಿಸುವಾಗ ಕೊರಳಪಟ್ಟಿಯೊಳಗೆ ನಾಲ್ಕು ಚಗಳಿ ಹೊಕ್ಕವನಿಗಂತೂ ನೆಗಡಿಯ ನೆನಪೇ ಇರುವುದಿಲ್ಲ.

2024ರ ಜನವರಿಯಲ್ಲಿ ಒಡಿಶಾದ ಮಯೂರಭಂಜದ ಕೆಂಪಿರುವೆ ಚಟ್ನಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಅಲ್ಲಿಯವರೆಗೆ ಕೇಳಿದರೇ ಮೂಗು ಮುರಿಯುತ್ತಿದ್ದವರು ಪ್ರೊಟೀನು, ಸತು, ಕಬ್ಬಿಣ ಎಂದು ಪಟ್ಟಿ ಓದತೊಡಗಿದರು. ಇರುವೆ ಅದೇ, ಹುಳಿಯೂ ಅದೇ. ಚೀಟಿ ಅಂಟಿದ ಮೇಲೆ ಕಿಮ್ಮತ್ತು ಬಂತು.

ಕಾಳಿ ತೀರದ ಕಾಡಿನ ಸುತ್ತಲೂ ಕಿಮ್ಮತ್ತಿನ ಕಥೆಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ನೆಲ ಸೀಳಿಕೊಂಡು ಬರುವ ಎಳೆ ಬಿದಿರು ಕಳಲೆ. ಅದರಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಹೆಚ್ಚಿ ನೀರಲ್ಲಿ ನೆನೆಹಾಕಿ, ಎರಡು-ಮೂರು ದಿನ ನೀರು ಬದಲಿಸಿ, ಆಮೇಲೆ ಪಲ್ಯಕ್ಕೆ ಹಾಕಬೇಕು. ವಿಷವನ್ನು ತಾಳ್ಮೆಯಿಂದ ತೊಳೆದು ಉಣ್ಣುವ ವಿದ್ಯೆ ಇದು. ಕಳಲೆಯಾಗಿ ಒಲೆ ಸೇರದೆ ಬೆಳೆದು ನಿಂತ ಬಿದಿರು ದಾಂಡೇಲಿಯ ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು. ಕಾರ್ಖಾನೆ ಶುರುವಾದ ಕಾಲಕ್ಕೆ ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಸಿಗುತ್ತಿತ್ತೆಂದೂ, ಬುಟ್ಟಿ ಹೆಣೆಯುವ ಬಡವ ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಿತ್ತೆಂದೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬಿದಿರಿಗೆ ಮಾತು ಬರುತ್ತಿದ್ದರೆ ತನ್ನ ಕಿಮ್ಮತ್ತು ಎಷ್ಟೆಂದು ಯಾರನ್ನು ಕೇಳುತ್ತಿತ್ತೋ!

ಮುಂಡಗೋಡಿಗೆ ಹೋದರೆ ನಾಲಿಗೆಗೆ ಇನ್ನೊಂದು ಪರೀಕ್ಷೆ. ಅಲ್ಲಿ 1966ರಲ್ಲಿ ನೆಲೆಯೂರಿದ ಟಿಬೆಟನ್ ವಸತಿಯಲ್ಲಿ ಅತಿಥಿಗೆ ಬೆಣ್ಣೆ ಚಹ ಕೊಡುತ್ತಾರೆ, ಉಪ್ಪು ಹಾಕಿದ್ದು. ಸಕ್ಕರೆ ಮರೆತಿದ್ದಾರೆಂದು ತಿಳಿದವನು ಮೊದಲ ಗುಟುಕಿಗೆ ಬೆಚ್ಚುತ್ತಾನೆ, ಸಾರೆಂದು ತಿಳಿದವನು ಬಟ್ಟಲು ಖಾಲಿ ಮಾಡುತ್ತಾನೆ.

ಬೈಬಲಿನ ಅಡುಗೆಮನೆಯೂ ಇಂಥ ಬೆರಗುಗಳಿಗೆ ಕಡಿಮೆಯಲ್ಲ. ಸ್ನಾನಿಕ ಯೊವಾನ್ನನ ಊಟ ಮಿಡತೆ ಮತ್ತು ಕಾಡುಜೇನು. ಮೋಶೆಯ ಕಾಯಿದೆ ಯಾವ ಯಾವ ಮಿಡತೆ ತಿನ್ನಬಹುದೆಂದು ಹೆಸರು ಹಿಡಿದು ಹೇಳುತ್ತದೆ. ಜ್ಞಾನೋಕ್ತಿಗಳ ಪುಸ್ತಕ ಮಾತ್ರ ಇರುವೆಯನ್ನು ನೋಡಿ ಕಲಿಯಬೇಕೆಂದು ಸೋಮಾರಿಗೆ ಬುದ್ಧಿ ಹೇಳುತ್ತದೆಯೇ ಹೊರತು ಅರೆಯಲು ಹೇಳುವುದಿಲ್ಲ. ಇವೆಲ್ಲಕ್ಕಿಂತ ಸ್ವಾರಸ್ಯದ ಪದಾರ್ಥವೆಂದರೆ ಗುಬ್ಬಿ. ಯೇಸುವಿನ ಕಾಲದ ಪೇಟೆಯಲ್ಲಿ ಗುಬ್ಬಿ ಬಡವರ ಮಾಂಸ. ಕ್ರಿ.ಶ. 301ರಲ್ಲಿ ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ದರಪಟ್ಟಿಯಲ್ಲೂ ಗುಬ್ಬಿಗೆ ಜಾಗವಿದೆ, ಹತ್ತರ ಲೆಕ್ಕದಲ್ಲಿ.

ಶುಭಸಂದೇಶಗಳ ಲೆಕ್ಕವನ್ನು ಸಂತೆಗೆ ಹೋಗಿ ಬಂದವರೇ ಸರಿಯಾಗಿ ಹಿಡಿಯಬಲ್ಲರು. ಮತ್ತಾಯನ ಪ್ರಕಾರ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಪ್ರಕಾರ ಎರಡು ಕಾಸಿಗೆ ಐದು. ಎರಡೆರಡಲೆ ನಾಲ್ಕಾಗಬೇಕಲ್ಲ, ಐದನೆಯದು ಎಲ್ಲಿಂದ ಬಂತು? ಪಂಡಿತರು ಇದಕ್ಕೆ ಟಿಪ್ಪಣಿ ಬರೆದಿದ್ದಾರೆ. ಹಳಿಯಾಳದ ಸಂತೆಯಲ್ಲಿ ಕೊತ್ತಂಬರಿ ಕೊಳ್ಳುವ ಹೆಂಗಸಿಗೆ ಟಿಪ್ಪಣಿ ಬೇಕಿಲ್ಲ. ‘ಯಕ್ಕಾ, ಕೊಸರು ಹಾಕ್ರಿ’ ಎಂದು ಆಕೆ ದಿನವೂ ಕೇಳುವುದು ಅದನ್ನೇ. ಐದನೆಯ ಗುಬ್ಬಿ ಕೊಸರು. ತಕ್ಕಡಿಗೆ ಬೀಳದ್ದು, ದುಡ್ಡಿನ ಲೆಕ್ಕಕ್ಕೆ ಸೇರದ್ದು. ಅಂಥದ್ದನ್ನೂ ದೇವರು ಮರೆಯುವುದಿಲ್ಲ ಎಂಬುದು ಯೇಸುವಿನ ಮಾತಿನ ತಿರುಳು. ದಾಂಡೇಲಿಯಲ್ಲಿ 2018ರಿಂದ ಮಂಗಟ್ಟೆ ಹಕ್ಕಿಗೆ ಹಾರ್ನ್‌ಬಿಲ್ ಹಬ್ಬ ನಡೆದಿದೆ. ಆ ಕೊಕ್ಕು, ಆ ಠೀವಿ ನೋಡಿದರೆ ಹಬ್ಬ ಸಲ್ಲತಕ್ಕದ್ದೇ. ಯೇಸು ಮಾತ್ರ ಹದ್ದನ್ನೋ ನವಿಲನ್ನೋ ಹುಡುಕಿಕೊಂಡು ಹೋಗಲಿಲ್ಲ, ಕೊಸರಿನ ಗುಬ್ಬಿಯನ್ನು ಎತ್ತಿಕೊಂಡ.

ಅದೇ ಉಸಿರಿನಲ್ಲಿ ನಿಮ್ಮ ತಲೆಗೂದಲೂ ಎಣಿಕೆಯಾಗಿದೆ ಎಂದುಬಿಟ್ಟ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ದಿನಕ್ಕೆ 50ರಿಂದ 100 ಉದುರುವುದು ಸಹಜ. ಅಂದರೆ ಸ್ವರ್ಗದ ಖಾತೆ ಪುಸ್ತಕವನ್ನು ದಿನಾ ಬೆಳಿಗ್ಗೆ, ಬಾಚಣಿಗೆ ನೋಡಿ ತಿದ್ದಬೇಕು. ಬೋಳು ತಲೆಯವರಿಗೆ ಇದರಿಂದ ಬೇಸರವಾಗಬೇಕಿಲ್ಲ. ಅವರ ಲೆಕ್ಕ ಬೇಗ ತಾಳೆಯಾಗುತ್ತದೆ.

ಗುಬ್ಬಿಯ ಈ ಪಾಠ ಕೆಥೋಲಿಕ್ ಇಗರ್ಜಿಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ, ಜೂನಿನ ಒಂದು ಭಾನುವಾರ ಬರುತ್ತದೆ. ಹಳಿಯಾಳ ಸೀಮೆಯಲ್ಲಿ ಅದನ್ನು ಕೇಳಲು ಕೂತವರಲ್ಲಿ ಸಿದ್ದಿಗಳೂ ಇರುತ್ತಾರೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಹಳಿಯಾಳದ ಕಡೆ ಕ್ರೈಸ್ತರು ಬಹಳ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ಬಂದ ಇವರ ಪೂರ್ವಿಕರಲ್ಲಿ ಅನೇಕರನ್ನು ನಿಜವಾಗಿಯೇ ಹರಾಜಿಗೆ ನಿಲ್ಲಿಸಲಾಗಿತ್ತು. ಹಲ್ಲು ನೋಡಿ, ತೋಳು ಮುಟ್ಟಿ ಕಿಮ್ಮತ್ತು ಕಟ್ಟಿದ್ದರು. ಆ ಪೇಟೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸರ್ಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಕಾಸಿಗೆ ಎರಡರಂತೆ ಮಾರುವ ಗುಬ್ಬಿಗಳಿಗಿಂತ ನೀವು ಹೆಚ್ಚು ಎಂಬ ಮಾತು ಪೇಟೆಯ ಬೆಲೆ ಕಂಡ ವಂಶದ ಕಿವಿಗೆ ಬೀಳುವ ಬಗೆಯೇ ಬೇರೆ.

ಸಿದ್ದಿ ಹೆಂಗಸರು ಹಳೆ ಸೀರೆ, ಹರಿದ ಅಂಗಿ, ಸಣ್ಣದಾದ ಲಂಗ ಎಲ್ಲ ಕೂಡಿಸಿ ಕವಂದಿ, ಅಂದರೆ ಕೌದಿ, ಹೊಲಿಯುತ್ತಾರೆ. ಬಳಸಿ ಬಿಟ್ಟ ಬಟ್ಟೆಯೇ ಬಂಡವಾಳ. ಒಂದು ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ಮಳೆಗಾಲದ ಚಳಿಗೆ ಅದರಷ್ಟು ಬೆಚ್ಚನೆಯದು ಇನ್ನೊಂದಿಲ್ಲ. ಇಷ್ಟಾದರೂ ನಾಲ್ಕು ಮೂಲೆಗೆ ಮಡಿಸಿದ ತುಂಡಿನ ‘ಫೂಲ’, ಅಂದರೆ ಹೂವು, ಇಡದ ಕವಂದಿ ಅವರ ಕಣ್ಣಿಗೆ ಬತ್ತಲೆ. ಹೂವಿನಿಂದ ಬಿಸಿಯೇನೂ ಹೆಚ್ಚುವುದಿಲ್ಲ.

ಕವಂದಿ ಕೊಳ್ಳಲು ಬಂದ ಪ್ರವಾಸಿ ಆಚೀಚೆ ಮಗುಚಿ ನೋಡುತ್ತಾನೆ. ಹಳೆ ಬಟ್ಟೆಗೆ ಇಷ್ಟು ರೇಟೇ ಎಂದು ಚೌಕಾಸಿಗೆ ಇಳಿಯುತ್ತಾನೆ. ಮೂಲೆಯ ಹೂವಿಗೆ ಎಷ್ಟು ಹಿಡಿದಿದ್ದೀರಿ, ಅದನ್ನಾದರೂ ತೆಗೆದು ಕಡಿಮೆ ಮಾಡಿ ಎನ್ನುತ್ತಾನೆ. ಹೊಲಿದವಳು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳುತ್ತಾಳೆ:

‘ಹೂವಿಗೆ ರೊಕ್ಕ ಹಿಡದಿಲ್ರಿ ಅಣ್ಣಾ. ಅದು ಕೊಸರು.’